ನೀರಗಂಟಿ ಗುಡ್ಡಪ್ಪನ ಹೊಸ ಫೋನು

ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ನನ್ನದೊಂದು ಮೊಬೈಲ್ ಅಂಗಡಿಯಿದೆ. ಹದಿನಾಲ್ಕು ವರ್ಷದಿಂದ ಜನ ನನ್ನ ಕೌಂಟರಿನ ಮೇಲೆ ಹಳೇ ಫೋನ್ ಇಟ್ಟು ಒಂದೇ ಪ್ರಶ್ನೆ ಕೇಳುತ್ತಾರೆ: "ಹನುಮೇಶಣ್ಣ, ಇದನ್ನೇ ರಿಪೇರಿ ಮಾಡ್ಸಾದಾ, ಹೊಸದು ತಗಳಾದಾ?" ನಾನು ಫೋನನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಒಮ್ಮೆ ತಟ್ಟಿ, ತುಟಿ ಸೊಟ್ಟ ಮಾಡುತ್ತೇನೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾನು ನೋಡುವುದು ಫೋನನ್ನಲ್ಲ, ಎದುರಿಗಿರುವವನ ಮುಖವನ್ನು. ಅವನಿಗೆ ಹೊಸದರ ಮೇಲೆ ಆಸೆಯಿದ್ದರೆ ಹಳೆಯದಕ್ಕೆ ಒಂದು ರೋಗ ಹುಡುಕಿ ಕೊಡುತ್ತೇನೆ. ಮನೆಯಲ್ಲಿ ಹೆಂಡತಿ ಬೈಯುತ್ತಾಳೆಂಬ ಭಯವಿದ್ದರೆ ಅವಳಿಗೆ ಹೇಳಲು ಒಂದು ಕಾರಣವನ್ನೂ ಸೇರಿಸಿ ಕಳಿಸುತ್ತೇನೆ. 'ಬೋರ್ಡ್ ಹೋಗಿದೆ', 'ಟಚ್ ಹೋಗಿದೆ', 'ಇದಕ್ಕಿನ್ನು ಅಪ್‌ಡೇಟ್ ಬರಲ್ಲ' ಎಂಬ ಮಾತುಗಳು ನನ್ನ ನಾಲಗೆಗೆ ಎಷ್ಟು ರೂಢಿಯಾಗಿವೆಯೆಂದರೆ, ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅಂತಲೇ ಅನಿಸುವುದಿಲ್ಲ. ವ್ಯಾಪಾರಂ ದ್ರೋಹಚಿಂತನಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೀಗೆ ಹೇಳಿದ ನೂರಾರು ಸುಳ್ಳುಗಳಲ್ಲಿ ಒಂದು ಮಾತ್ರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದನ್ನು ಹೇಳಿದ್ದು ನಮ್ಮೂರ ನೀರಗಂಟಿ ಗುಡ್ಡಪ್ಪನ ಫೋನಿನ ಬಗ್ಗೆ.

ನಮ್ಮೂರು ಬಿ.ದುರ್ಗ ಹೋಬಳಿಯ ಒಂದು ಮೂಲೆಯಲ್ಲಿದೆ. ಹೆಸರು ಬೇಡ, ಆದದ್ದೇನೂ ಊರಿಗೆ ಮರ್ಯಾದೆ ತರುವಂಥದ್ದಲ್ಲ. ಇನ್ನೂರು ಮನೆ, ಎರಡು ಬೋರು, ಒಂದು ದೊಡ್ಡ ಟ್ಯಾಂಕು. ಟ್ಯಾಂಕಿನ ಪಂಪ್ ಮನೆಯ ಬೀಗದ ಕೈ ಇಪ್ಪತ್ತಮೂರು ವರ್ಷದಿಂದ ಗುಡ್ಡಪ್ಪನ ಉಡದಾರದಲ್ಲಿತ್ತು. ಅವರದು ಕುರಿ ಕಾಯುವ ಮನೆತನ. ಕುರಿ ಹಿಂದೆ ಅಲೆದ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎನ್ನುತ್ತಾರೆ. ಆದರೆ ಈ ಮನುಷ್ಯ ಟ್ಯಾಂಕಿನ ಬುಡ ಬಿಟ್ಟು ಒಂದು ರಾತ್ರಿ ಬೇರೆ ಊರಿನಲ್ಲಿ ತಂಗಿದ್ದನ್ನು ನಾನು ಕಂಡಿಲ್ಲ. ಮಗಳ ಮದುವೆಯನ್ನು ಹೊಸದುರ್ಗದಲ್ಲಿ ಮಾಡಿದಾಗಲೂ ಧಾರೆ ಎರೆದು, ಊಟ ಮುಗಿಸಿ, ಸಂಜೆ ಬಸ್ಸಿಗೆ ವಾಪಸ್ ಬಂದು ಕೆಳಗಿನ ಕೇರಿಗೆ ನೀರು ಬಿಟ್ಟಿದ್ದ.

ಅವನು ಕೆಲಸ ಮಾಡುವುದನ್ನು ನೋಡಬೇಕು. ಪೈಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನೀರು ಎಲ್ಲಿಯವರೆಗೆ ಹೋಗಿದೆ ಎಂದು ಹೇಳುತ್ತಿದ್ದ. ಯಾರಾದರೂ ನಲ್ಲಿಗೆ ಕಳ್ಳ ಮೋಟರು ಹಾಕಿದರೆ ಅವನ ಕೈಗೆ ಗೊತ್ತಾಗುತ್ತಿತ್ತು. ನೆಟ್ಟಗೆ ಆ ಮನೆಯ ಮುಂದೆ ಹೋಗಿ ಬೈಯುತ್ತಿದ್ದ. ಪಂಚಾಯ್ತಿ ಮೆಂಬರನ ಮನೆಯಾದರೂ ಬಿಡುತ್ತಿರಲಿಲ್ಲ. ನೀರು ಬಿಡುವ ಮೊದಲು ಕೇರಿಗೊಬ್ಬರಿಗೆ ಮಿಸ್ ಕಾಲ್ ಕೊಡುತ್ತಿದ್ದ. ಕೆಳಗಿನ ಕೇರಿಯಲ್ಲಿ ಅದು ಬರುತ್ತಿದ್ದುದು ಬರಗೇರಮ್ಮನಿಗೆ. ಎರಡು ಸಲ ರಿಂಗಾಗಿ ನಿಂತರೆ ಆಕೆ ಬಾಗಿಲಿಗೆ ಬಂದು "ನೀರು ಬಿಟ್ಟವ್ನೆ, ಬರ್ರೇ!" ಎಂದು ಕೂಗುತ್ತಿದ್ದಳು. ಆ ಕೂಗಿಗೆ ಇಡೀ ಕೇರಿ ಕೊಡ ಹಿಡಿದು ಹೊರಗೆ ಬರುತ್ತಿತ್ತು. ಈ ಏರ್ಪಾಟಿಗೆ ಒಂದು ಪೈಸೆ ಖರ್ಚಿರಲಿಲ್ಲ, ಒಂದು ದಿನ ತಪ್ಪಿದ್ದೂ ಇರಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದದ್ದು ಒಂದು ಬಟನ್ ಫೋನಿನಲ್ಲಿ. ಎರಡು ವರ್ಷದ ಹಿಂದೆ ಪಂಚಾಯ್ತಿಯಲ್ಲಿ ಏಳೂ ಹಳ್ಳಿಯ ನೀರಗಂಟಿಗಳನ್ನು, ಮೆಂಬರುಗಳನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದರು. ದೊಡ್ಡ ಫೋನ್ ಇಲ್ಲದವರು ತಗೊಳ್ಳಿ ಎಂದು ಆಗಿನ ಪಿಡಿಒ ಲಕ್ಷ್ಮೀಕಾಂತ್ ಹೇಳಿದರು. ಗುಡ್ಡಪ್ಪ ನನ್ನ ಅಂಗಡಿಗೆ ಬಂದು, ಗಾಜಿನ ಪೆಟ್ಟಿಗೆಯೊಳಗಿನ ಫೋನುಗಳನ್ನು ಕುರಿಸಂತೆಯಲ್ಲಿ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿದ.

"ಹನುಮೇಶ, ಇದಿಲ್ದಿದ್ರೆ ನಡೆಯಲ್ಲೇನೋ? ನನ್ನ ಬಟನ್ನಿನ್ದೇ ಗಟ್ಟಿ ಐತಲ್ಲ."

"ಕಾಲ ಬದಲಾಗೈತೆ ಗುಡ್ಡಣ್ಣ. ಎಲ್ರೂ ತಗಂತಾರೆ, ನೀನೊಬ್ಬ ಯಾಕೆ ಹಿಂದೆ ಉಳೀತೀಯ?" ಎಂದೆ. ಹಿಂದೆ ಉಳಿಯುವುದು ಎಂಬ ಮಾತಿಗೆ ಹೆದರದವರು ಯಾರೂ ಇಲ್ಲ, ನನ್ನ ಅರ್ಧ ವ್ಯಾಪಾರ ನಡೆಯುವುದೇ ಆ ಮಾತಿನ ಮೇಲೆ.

ಒಬ್ಬ ಮೇಷ್ಟ್ರು ಹೊಸದು ತಗೊಂಡು ನನ್ನಲ್ಲಿ ಬಿಟ್ಟುಹೋಗಿದ್ದ ಹಳೇ ಫೋನನ್ನು ಅವನಿಗೆ ಕೊಟ್ಟೆ. ಕರೆ ಮಾಡುವುದು, ಮಾತಿನ ಮೆಸೇಜ್ ಬಂದರೆ ಒತ್ತಿ ಕೇಳುವುದು, ಎಲ್ಲ ಹೇಳಿಕೊಟ್ಟೆ. ಕೊನೆಗೆ, "ಯಾರಾದ್ರೂ ಏನಾದ್ರೂ ಹಾಕಿದ್ರೆ ಈ ಹೆಬ್ಬೆಟ್ಟಿನ ಚಿತ್ರ ಒತ್ತಿಬಿಡು ಗುಡ್ಡಣ್ಣ. ನೀನು ನೋಡಿದೀಯ ಅಂತ ಅವ್ರಿಗೆ ಗೊತ್ತಾಗ್ತೈತೆ, ಅಷ್ಟೇ ಸಾಕು" ಎಂದೆ. ಅದನ್ನು ಅವನು ಶ್ರದ್ಧೆಯಿಂದ ಕಲಿತ. ಹತ್ತು ಸಲ ಒತ್ತಿ ನೋಡಿ, ಸರಿಯಾಯಿತೇ ಎಂದು ನನ್ನನ್ನು ಕೇಳಿದ.

ಆಮೇಲೆ ಗುಂಪಿನಲ್ಲಿ ಏನೇ ಬರಲಿ, ಮೊದಲ ಹೆಬ್ಬೆಟ್ಟು ಗುಡ್ಡಪ್ಪನದೇ. ಒಮ್ಮೆ ಮೆಂಬರೊಬ್ಬ ತನ್ನ ಅಜ್ಜಿ ತೀರಿಕೊಂಡ ಸುದ್ದಿ ಹಾಕಿದ. ಗುಡ್ಡಪ್ಪ ಅದಕ್ಕೂ ಹೆಬ್ಬೆಟ್ಟು ಎತ್ತಿ ಭೇಷ್ ಎಂದ. "ನಮ್ಮಜ್ಜಿ ಸತ್ತಿದ್ದು ನಿಂಗೆ ಅಷ್ಟು ಖುಷಿಯಾತೇನಪ್ಪ?" ಎಂದು ಆತ ಕೇಳಿದಾಗ, "ಬೆರಳು ಜಾರ್ತು ಮಾರಾಯ, ಈ ಫೋನಿನ ಟಚ್ಚೇ ಸರಿ ಇಲ್ಲ" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ಈಗ ನೆನೆಸಿಕೊಂಡರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನಿಸುತ್ತದೆ.

ಲಕ್ಷ್ಮೀಕಾಂತ್ ಇರುವವರೆಗೆ ತೊಂದರೆಯಾಗಲಿಲ್ಲ. ಆ ಪುಣ್ಯಾತ್ಮನಿಗೆ ಬರೆಯಲು ಸೋಮಾರಿತನ, ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಅವರಿಗೆ ವರ್ಗವಾಗಿ ಹೇಮಾವತಿ ಮೇಡಂ ಬಂದರು. ಈಕೆ ಅಚ್ಚುಕಟ್ಟಿನ ಹೆಂಗಸು. ಮಾತಾಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ ಎನ್ನುವವರು. ಎಲ್ಲವನ್ನೂ ಬರೆದೇ ಹಾಕುತ್ತಿದ್ದರು.

ಹೋದ ವರ್ಷ ಶ್ರಾವಣದ ಒಂದು ಗುರುವಾರ ನಮ್ಮೂರ ಟ್ಯಾಂಕು ತೊಳೆಯಲು ಹೊರಗಿನಿಂದ ಕೂಲಿಯವರು ಬಂದರು. ತೊಳೆದು, ನೀರು ತುಂಬಿಸಿ, ಬ್ಲೀಚಿಂಗ್ ಪೌಡರ್ ಹಾಕುವಾಗ ಅಳತೆ ನೋಡದೆ ಚೀಲವನ್ನೇ ಸುರಿದು ಹೋದರು. ಸಂಜೆ ಈ ವಿಷಯ ಹೇಮಾವತಿ ಮೇಡಂಗೆ ತಿಳಿಯಿತು. ಕೂಡಲೇ ಗುಂಪಿನಲ್ಲಿ ಬರೆದರು: 'ಗುಡ್ಡಪ್ಪ ಅವರ ಗಮನಕ್ಕೆ. ಬ್ಲೀಚಿಂಗ್ ಹೆಚ್ಚಾಗಿದೆ. ನಾಳೆ ಬೆಳಿಗ್ಗೆ ನೀರು ಬಿಡಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಿ.' ಎರಡು ನಿಮಿಷದಲ್ಲಿ ಕೆಳಗೆ ಗುಡ್ಡಪ್ಪನ ಹೆಬ್ಬೆಟ್ಟು ಬಂತು. ಮೇಡಂ ನಿಶ್ಚಿಂತೆಯಿಂದ ಚಿತ್ರದುರ್ಗದ ಬಸ್ ಹತ್ತಿ ಮನೆಗೆ ಹೋದರು. ಬೇರೆ ಹಳ್ಳಿಯವರಿಗೆ ಅದು ಸಂಬಂಧಪಡದ ಸುದ್ದಿ. ನಮ್ಮೂರ ಮೆಂಬರು ಅವತ್ತು ಫೋನೇ ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲ ಸರದಿ ಕೆಳಗಿನ ಕೇರಿಯದು, ಬರಗೇರಮ್ಮನ ಫೋನು ಎರಡು ಸಲ ರಿಂಗಾಗಿ ನಿಂತಿತು. ಆಕೆ ಕೂಗಿದಳು, ಕೇರಿ ಬಂತು. ನೀರಿಗೆ ಘಾಟು ವಾಸನೆಯಿತ್ತು. ಟ್ಯಾಂಕು ತೊಳೆದ ಮಾರನೇ ದಿನ ವಾಸನೆ ಇದ್ದದ್ದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗುಡ್ಡಪ್ಪ ಬಿಟ್ಟ ನೀರೆಂದರೆ ಪರೀಕ್ಷೆ ಮಾಡಿ ಕುಡಿಯುವ ಅಭ್ಯಾಸ ನಮ್ಮೂರಿಗಿಲ್ಲ. ಶ್ರಾವಣ ಶುಕ್ರವಾರದ ಉಪವಾಸ ಹಿಡಿದಿದ್ದ ಬರಗೇರಮ್ಮ ಮೂಗು ಮುಚ್ಚಿಕೊಂಡು ಬರೀ ಹೊಟ್ಟೆಗೆ ಎರಡು ಲೋಟ ಕುಡಿದಳು. ಹತ್ತು ಗಂಟೆಯ ಹೊತ್ತಿಗೆ ಕೆಳಗಿನ ಕೇರಿಯ ಒಂಬತ್ತು ಜನ ವಾಂತಿ ಮಾಡಿಕೊಳ್ಳುತ್ತಿದ್ದರು. ಎಂಟು ಜನ ಅವತ್ತೇ ಸಂಜೆ ಆಸ್ಪತ್ರೆಯಿಂದ ಎದ್ದು ಮನೆಗೆ ಬಂದರು. ಬರಗೇರಮ್ಮ ಮಾತ್ರ ಗಂಟಲಿನಿಂದ ಹೊಟ್ಟೆಯವರೆಗೆ ಬೆಂದವಳಂತೆ ನಾಲ್ಕು ದಿನ ಅಲ್ಲೇ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು.

ಪಂಚಾಯ್ತಿಯಲ್ಲಿ ಜನ ಸೇರಿದರು. ಹೇಮಾವತಿ ಮೇಡಂ ಫೋನು ತೆಗೆದು ತೋರಿಸಿದರು. "ಇಲ್ಲಿ ನೋಡ್ರಿ ಗುಡ್ಡಪ್ಪ. ನಾನು ಬರೆದಿದ್ದೀನಿ, ನೀವು ನೋಡಿ ಒಪ್ಪಿದ್ದೀರಿ. ಆಮೇಲೂ ನೀರು ಬಿಟ್ಟಿದ್ದು ಯಾಕೆ?"

ಗುಡ್ಡಪ್ಪ ಉಡದಾರದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡನಂತೆ. ಆಮೇಲೆ, "ನಾನ್ ಒತ್ತಿಲ್ಲ ಮೇಡಂ. ಆ ಫೋನು ತಂತಾನೇ ಒತ್ಕಂತೈತೆ. ಟಚ್ ಹೋಗೈತೆ ಅಂತ ಮೊದ್ಲಿಂದ್ಲೂ ಹೇಳ್ತಾನೇ ಇದೀನಿ, ಯಾರೂ ಕೇಳಲ್ಲ" ಎಂದನಂತೆ.

ಕೊನೆಗೆ ತೀರ್ಮಾನವಾಯಿತು. ಫೋನನ್ನು ಹನುಮೇಶನ ಅಂಗಡಿಗೆ ಒಯ್ದು ತೋರಿಸುವುದು. ಕೆಟ್ಟಿದ್ದರೆ ಪಂಚಾಯ್ತಿಯಿಂದಲೇ ಹೊಸದು ಕೊಡಿಸುವುದು. ಸರಿಯಿದ್ದರೆ ಗುಡ್ಡಪ್ಪ ಬೀಗದ ಕೈ ಇಳಿಸಿ ಮನೆಗೆ ಹೋಗುವುದು. ಸಾಕ್ಷಿಗೆ ಬರಗೇರಮ್ಮನ ಮಗ ಕನಕರಾಜ್ ಜೊತೆಗೆ ಬರುವುದು. ಹೀಗೆ ಇಪ್ಪತ್ತಮೂರು ವರ್ಷದ ಒಬ್ಬ ಮನುಷ್ಯನ ಮಾನ ನನ್ನ ಕೌಂಟರಿನ ಮೇಲೆ ಬಂದು ಕೂತಿತು.

ಫೋನನ್ನು ಪರೀಕ್ಷೆ ಮಾಡಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಪರದೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಬೆರಳಿನಿಂದ ಗೆರೆ ಎಳೆದರೆ, ಟಚ್ ಕೆಟ್ಟಿದ್ದ ಕಡೆ ಗೆರೆ ತುಂಡಾಗುತ್ತದೆ. ಒಂದು ಕಡೆಯೂ ತುಂಡಾಗಲಿಲ್ಲ. ಕಲ್ಲಿನಂಥ ಫೋನು, ಇನ್ನೂ ಮೂರು ವರ್ಷ ಬಾಳುವಂಥದ್ದು. ಮೇಡಂ ಬರೆದ ಮೆಸೇಜು ಅಲ್ಲೇ ಇತ್ತು, ಅದರ ಕೆಳಗೆ ಹೆಬ್ಬೆಟ್ಟೂ ಇತ್ತು.

ತಲೆ ಎತ್ತಿದೆ. ಗುಡ್ಡಪ್ಪ ನನ್ನನ್ನೇ ನೋಡುತ್ತಿದ್ದ. ಮೆಂಬರನ ಮನೆ ಮುಂದೆ ನಿಂತು ಬೈಯುವ ಆ ಮನುಷ್ಯ ಹಾಗೆ ಯಾರನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮೆಸೇಜು ನೋಡಿಯೂ ಮರೆತಿದ್ದಾನೆ, ವಯಸ್ಸಾಯಿತು, ಪಾಪ, ಈ ವಯಸ್ಸಿನಲ್ಲಿ ಕೆಲಸ ಹೋದರೆ ಎಲ್ಲಿಗೆ ಹೋದಾನು ಎಂದುಕೊಂಡೆ. ಎರಡು ತಿಂಗಳಿಂದ ಖರ್ಚಾಗದ ಒಂದು ಮಾಡೆಲ್ಲು ಮೇಲಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕರುಣೆ ಎಷ್ಟು, ವ್ಯಾಪಾರ ಎಷ್ಟು ಎಂದು ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ.

"ಟಚ್ ಹೋಗೈತೆ ಕಣೋ ಕನಕ," ಎಂದೆ. "ತಂತಾನೇ ಒತ್ಕಂತೈತೆ. ಇದನ್ನ ಇಟ್ಕಂಡ್ರೆ ಇನ್ನೊಂದಿನ ಇನ್ನೊಂದು ಅನಾಹುತ. ಹೊಸದು ತಗಳಾದೇ ವಾಸಿ."

ಕನಕರಾಜ್ ಉಸಿರು ಬಿಟ್ಟ. "ನಾನೂ ಅದೇ ಅಂದ್ಕಂಡೆ ಹನುಮೇಶಣ್ಣ. ಗುಡ್ಡಪ್ಪಣ್ಣ ಬೇಕಂತ ಮಾಡೋನಲ್ಲ. ಒಳ್ಳೇದೇ ಕೊಡ್ರಿ, ಬಿಲ್ಲು ಪಂಚಾಯ್ತಿ ಹೆಸ್ರಿಗೆ ಬರೀರಿ."

ವಿಚಿತ್ರವೆಂದರೆ ಗುಡ್ಡಪ್ಪನ ಮುಖ ಅರಳಲಿಲ್ಲ. "ಹೊಸದ್ಯಾಕೆ? ಮೊದ್ಲಿನ ಹಂಗೆ ಒಂದು ಬಟನ್ನಿನ್ದು ಕೊಡು, ಸಾಕು ನಂಗೆ" ಎಂದ.

"ಯಾವ ಕಾಲ್ದಾಗಿದೀಯ ಗುಡ್ಡಣ್ಣ! ಬಿಟ್ಟಿ ಬರೋದನ್ನ ಬ್ಯಾಡ ಅಂತಾರಾ?" ಎಂದು ನಾನೇ ಬಾಯಿ ಮುಚ್ಚಿಸಿದೆ.

ಧೂಳು ತಿನ್ನುತ್ತಿದ್ದ ಡಬ್ಬಿ ಇಳಿಸಿ ಫೋನ್ ಆನ್ ಮಾಡಿದೆ. ಹೊಸ ಫೋನು ಮೊದಲು ಕೇಳುವುದು ಭಾಷೆಯನ್ನು. ಒಂದರ ಕೆಳಗೊಂದು ಹತ್ತು ಹನ್ನೆರಡು ಭಾಷೆಗಳ ಹೆಸರು ಬರುತ್ತವೆ, ಒಂದೊಂದೂ ಅದರದರ ಲಿಪಿಯಲ್ಲಿ. ನಾನು ಬಿಲ್ಲು ಬರೆಯುತ್ತಿದ್ದವನು ಫೋನನ್ನು ಅವನ ಕಡೆ ತಳ್ಳಿ, "ಕನ್ನಡ ಒತ್ತು ಗುಡ್ಡಣ್ಣ, ಮುಂದಿಂದು ನಾನ್ ಮಾಡ್ತೀನಿ" ಎಂದೆ. ಅವನು ಬೆರಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಿದ. ಆಮೇಲೆ ಒಂದು ಕಡೆ ಗಟ್ಟಿಯಾಗಿ ಒತ್ತಿ ಫೋನನ್ನು ನನಗೆ ತಿರುಗಿಸಿದ.

ಪರದೆ ತುಂಬ ದುಂಡುದುಂಡಗಿನ ಅಕ್ಷರಗಳು. ಕನ್ನಡವಲ್ಲ. ಕೋಳಿ ಫಾರಮ್ಮಿಗೆ ಕೆಲಸಕ್ಕೆ ಬಂದಿರುವ ಒಡಿಶಾದವರು ನನ್ನ ಬಳಿ ರೀಚಾರ್ಜ್ ಮಾಡಿಸುತ್ತಾರೆ, ಅವರ ಫೋನುಗಳಲ್ಲಿ ನೋಡಿ ಗೊತ್ತು. ಅದು ಒಡಿಯಾ.

ಬೆರಳು ಜಾರಿತೇನೋ ಎಂದು ಕೇಳಿದೆ. "ಸರಿ ಐತಾ ಗುಡ್ಡಣ್ಣ? ಓದಾಕೆ ಆಗ್ತೈತಾ?"

ಅವನು ಫೋನನ್ನು ಕಣ್ಣಿನಿಂದ ದೂರ ಹಿಡಿದು, ಒಂದು ಸಾಲು ಮುಗಿಸಿದವನಂತೆ ತಲೆಯಾಡಿಸಿದ. "ಹ್ಞೂಂ, ಈಗ ಓದಾಕೆ ಆಗ್ತೈತೆ. ಅಕ್ಷರ ದೊಡ್ಡವು ಅವೆ. ಆ ಹಳೇದ್ರಾಗೆ ಸಣ್ಣವು, ಕಣ್ಣಿಗೇ ಕಾಣ್ತಿರ್ಲಿಲ್ಲ."

ನನ್ನ ಕೈಯಲ್ಲಿದ್ದ ಪೆನ್ನು ಬಿಲ್ಲಿನ ಮೇಲೆ ನಿಂತುಬಿಟ್ಟಿತು. ಹೋಟೆಲ್ಲಿನಲ್ಲಿ ಪೇಪರು ಬಿಡಿಸಿ ಕೂತು, "ಕನ್ನಡಕ ಮನೇಲೈತೆ, ನೀವೇ ಜೋರಾಗಿ ಓದ್ರಪ್ಪ" ಎನ್ನುತ್ತಿದ್ದ ಗುಡ್ಡಪ್ಪ. ಪಂಚಾಯ್ತಿ ಪುಸ್ತಕದಲ್ಲಿ ಬಳ್ಳಿ ಎಳೆದಂತೆ ಸಹಿ ಮಾಡುತ್ತಿದ್ದ ಗುಡ್ಡಪ್ಪ. ಮೀಟರಿನ ಅಂಕಿ, ಫೋನಿನ ನಂಬರು ಪಟಪಟ ಹೇಳುತ್ತಿದ್ದರಿಂದ ಓದು ಬರುವುದಿಲ್ಲ ಎಂಬ ಅನುಮಾನ ಯಾರಿಗೂ ಬಂದಿರಲಿಲ್ಲ. ಅವನು ಮೇಡಂ ಬರೆದದ್ದನ್ನು ಮರೆತಿರಲಿಲ್ಲ. ಅವನಿಗೆ ಅದು ಏನೆಂದೇ ಗೊತ್ತಿರಲಿಲ್ಲ. ನಾನು ಕಲಿಸಿದಂತೆ ಹೆಬ್ಬೆಟ್ಟು ಒತ್ತಿದ್ದ.

ಕನಕರಾಜ್ ಗೋಡೆಗೆ ನೇತುಹಾಕಿದ್ದ ಕವರುಗಳನ್ನು ನೋಡುತ್ತಿದ್ದ. ನಾನು ಫೋನನ್ನು ಎಳೆದುಕೊಂಡು, ಸದ್ದಿಲ್ಲದೆ ಕನ್ನಡಕ್ಕೆ ತಿರುಗಿಸಿ, ಡಬ್ಬಿಯಲ್ಲಿಟ್ಟು ಕೊಟ್ಟೆ. "ಒಳ್ಳೇ ಫೋನು" ಎಂದೂ ಹೇಳಿದೆ. ಅವರು ಹೋದ ಮೇಲೆ ಷಟರು ಅರ್ಧ ಎಳೆದು ಒಳಗೆ ಕೂತೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಓದು ಬಾರದವನ ಕೈಗೆ ಮೊದಲು ಒಂದು ಫೋನು ಕೊಟ್ಟೆ, ಒಪ್ಪಿಗೆ ಒತ್ತುವುದನ್ನು ಕಲಿಸಿದೆ, ಒಂಬತ್ತು ಜನ ಹಾಸಿಗೆ ಹಿಡಿದ ಮೇಲೆ ಅದಕ್ಕಿಂತ ದೊಡ್ಡ ಫೋನು ಕೊಟ್ಟು ಕಳಿಸಿದೆ. ನಾಳೆ ಮೇಡಂ ಇನ್ನೊಂದು ಮಾತು ಬರೆದರೆ ಅವನು ಅದಕ್ಕೂ ಹೆಬ್ಬೆಟ್ಟು ಒತ್ತುತ್ತಾನೆ, ಊರು ಆ ನೀರನ್ನೂ ಕುಡಿಯುತ್ತದೆ.

ಮೂರು ದಿನ ಯಾರು ಬಂದು "ಹೊಸದು ತಗಳಾದಾ?" ಎಂದರೂ ಬಾಯಿ ಬರಲಿಲ್ಲ. ಭಾನುವಾರ ಅಂಗಡಿ ತೆಗೆಯದೆ ಬೈಕ್ ಹತ್ತಿ ಊರಿಗೆ ಹೋದೆ.

ಗುಡ್ಡಪ್ಪ ಪಂಪ್ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಫೋನಿನ ಡಬ್ಬಿ ಪಕ್ಕದಲ್ಲಿತ್ತು, ನಾನು ಸುತ್ತಿಕೊಟ್ಟಿದ್ದ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ.

"ಏನಲೇ, ಬಿಲ್ಲಿನ ದುಡ್ಡು ಬಂದಿಲ್ಲ ಅಂತ ಬಂದ್ಯಾ?"

"ಇಲ್ಲ ಗುಡ್ಡಣ್ಣ. ಆ ಫೋನು ವಾಪಸ್ ಕೊಡು."

ಅವನ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅವನು ಡಬ್ಬಿಯನ್ನು ಎತ್ತಿ ಎದೆಗೆ ಒತ್ತಿಕೊಂಡ. "ಯಾಕೆ? ಏನ್ ಗೊತ್ತಾತು ನಿಂಗೆ?"

"ಅವತ್ತು ನೀನು ಒತ್ತಿದ್ದು ಕನ್ನಡ ಅಲ್ಲ."

ಯಾರಾದರೂ ಕೇಳಿಸಿಕೊಂಡರೇನೋ ಎಂದು ಅವನು ಆಚೀಚೆ ನೋಡಿದ. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತ. "ನನ್ ಹೆಂಡ್ತಿಗೆ ಗೊತ್ತಿತ್ತು. ಅವ್ಳು ಹೋದ್ಮ್ಯಾಲೆ ಯಾರಿಗೂ ಗೊತ್ತಿಲ್ಲ. ಸಹಿ ಕಲ್ಸಿದ್ದೂ ಅವ್ಳೇ, ಈ ಗ್ವಾಡೆ ಮ್ಯಾಲೆ ಇದ್ಲಿನಾಗೆ ಬರ್ದು. ಕೆಲಸಕ್ಕೆ ಸೇರುವಾಗ ಓದಾಕೆ ಬರ್ತೈತಾ ಅಂತ ಕೇಳಿದ್ರು. ಹ್ಞೂಂ ಅಂದೆ. ಒಂದ್ಸಲ ಹ್ಞೂಂ ಅಂದ್ಮ್ಯಾಲೆ ಆತಲ್ಲಪ್ಪ, ಇಪ್ಪತ್ತಮೂರು ವರ್ಷ ಅದನ್ನೇ ಕಾಯ್ಕಂಡು ಬಂದೆ. ಕುರಿ ಕಾಯಾದು ಇದ್ಕಿಂತ ಸಲೀಸು."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ನಗ್ತಿದ್ದೆ" ಎಂದ. ಅದು ನಿಜ.

"ಇದು ನಂಗೆ ಬ್ಯಾಡ," ಎಂದು ಡಬ್ಬಿಯನ್ನು ನನ್ನ ಕೈಗಿಟ್ಟ. "ಎಂಥ ಫೋನ್ ಕೊಟ್ರೂ ನಾನೇ ಅಲ್ವಾ ನೋಡಾನು? ಬರಗೇರಕ್ಕಂಗೆ ಹೇಳ್ಬೇಕು. ನನ್ ಮಿಸ್ ಕಾಲ್ ನಂಬಿ ಕುಡಿದ್ಲು ಅವ್ಳು. ಬಾ, ಹೋಗಾಣ. ಒಬ್ನೇ ಹೋಗಾಕೆ ಕಾಲು ಬರ್ತಿಲ್ಲ."

ಬರಗೇರಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಇಳಿದುಹೋಗಿತ್ತು. ಆದರೂ ಗುಡ್ಡಪ್ಪನನ್ನು ಕಂಡು ನಕ್ಕಳು. "ಬಾರಪ್ಪ ಗುಡ್ಡಪ್ಪ, ಕುಂತ್ಕ. ಹೊಸ ಫೋನ್ ಕೊಡ್ಸಿದ್ರಂತೆ? ಸದ್ಯ, ನಿನ್ ತಪ್ಪಿಲ್ಲ ಅಂತ ಆತಲ್ಲ, ನಂಗೆ ಅಷ್ಟೇ ಸಾಕು." ಕನಕರಾಜ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ.

ಗುಡ್ಡಪ್ಪ ಕೂರಲಿಲ್ಲ. ಅಂಗಳದಲ್ಲೇ ನಿಂತು, ಉಡದಾರದಿಂದ ಬೀಗದ ಕೈ ಬಿಚ್ಚಿ ಜಗಲಿಯ ಮೇಲಿಟ್ಟ. "ಅಕ್ಕಾ, ಫೋನ್ ಸರಿ ಐತೆ. ನಂಗೇ ಓದಾಕೆ ಬರಲ್ಲ. ಮೇಡಂ ಏನ್ ಬರ್ದಿದ್ರೋ ನಂಗೆ ಗೊತ್ತೇ ಆಗ್ಲಿಲ್ಲ. ಒಂದಕ್ಷರ ಬರಲ್ಲ ನಂಗೆ, ಯಾವತ್ತೂ ಬರ್ತಿರ್ಲಿಲ್ಲ."

"ಟಚ್ ಹೋಗೈತೆ ಅಂದಿದ್ದು ನಾನು," ಎಂದೆ. "ಸುಳ್ಳು ಹೇಳ್ದೆ."

ಕನಕರಾಜ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ನಮ್ಮವ್ವ ಸಾಯಾಕೆ ಬಿದ್ದಿದ್ಲು. ನೀನು ಅದ್ರಾಗೂ ಒಂದು ಫೋನ್ ಮಾರ್ದೆ ಅಲ್ವಾ?" ಎಂದ. ಅಣ್ಣ ಎಂಬುದು ಅವನ ಬಾಯಿಂದ ಬಿದ್ದುಹೋಗಿತ್ತು.

ಬರಗೇರಮ್ಮ ಮಾತ್ರ ಮಗನನ್ನೂ ಕೇಳಿಸಿಕೊಳ್ಳಲಿಲ್ಲ, ಬೀಗದ ಕೈಯನ್ನೂ ನೋಡಲಿಲ್ಲ. ಗುಡ್ಡಪ್ಪನ ಮುಖವನ್ನೇ ನೋಡುತ್ತಿದ್ದಳು. "ಯಾವತ್ತೂ ಬರ್ತಿರ್ಲಿಲ್ವಾ?" ಎಂದಳು.

"ಇಲ್ಲಕ್ಕ."

ಆಕೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಪೆಟ್ಟಿಗೆ ಎಳೆದ ಸದ್ದು ಕೇಳಿತು. ಬಂದಾಗ ಕೈಯಲ್ಲಿ ಮಡಿಕೆಯಲ್ಲೇ ಹರಿದುಹೋದ ನೀಲಿ ಇನ್‌ಲ್ಯಾಂಡ್ ಕಾಗದವೊಂದಿತ್ತು.

"ನನ್ ತಂಗಿ ರಂಗಕ್ಕ ಬಬ್ಬೂರು ಫಾರಮ್ಮಿನಾಗೆ ಕೂಲಿಗಿದ್ಲು. ಇದನ್ನ ಯಾರ ಕೈಲೋ ಬರೆಸಿ ಹಾಕಿದ್ಲು. ಈ ಕನಕ ಆಗ ಚಿಕ್ಕೋನು. ನಲ್ಲಿ ತಾವ ನಿನ್ ಕೈಗೇ ಕೊಟ್ಟು ಓದಪ್ಪ ಅಂದೆ. 'ಎಲ್ಲ ಚೆನ್ನಾಗವ್ರಂತೆ ಅಕ್ಕ, ನಿನ್ನ ಕೇಳವ್ರೆ' ಅಂದೆ ನೀನು. ತಿಂಗ್ಳು ತುಂಬಾದ್ರಾಗೆ ಅವ್ಳು ಸತ್ಲು. ಮಣ್ಣಿಗೆ ಹೋದ್ರೆ ಅವ್ಳ ಗಂಡ 'ಅಷ್ಟು ಕರೆದ್ರೂ ಬರ್ಲಿಲ್ವಲ್ಲ' ಅಂದ. ಯಾವನಯ್ಯ ಕರೆದೋನು ಅಂತ ಹೆಣದ ಮುಂದೆ ಜಗಳ ಆಡ್ದೆ. ಇಪ್ಪತ್ತು ವರ್ಷ ಆತು, ಆ ಮನೆ ಹೊಸ್ಲು ತುಳಿದಿಲ್ಲ. ಅವ್ಳ ಮಕ್ಳು ಎದ್ರಿಗೆ ಬಂದ್ರೂ ಮಾತಾಡ್ಸಿಲ್ಲ."

ಗುಡ್ಡಪ್ಪ ಅಂಗಳದಲ್ಲೇ ನೆಲಕ್ಕೆ ಕೂತುಬಿಟ್ಟ.

"ಕನಕ ಓದು ಕಲಿತ ಮ್ಯಾಲೂ ಇದನ್ನ ತೋರ್ಸಲಿಲ್ಲ. ಚೆನ್ನಾಗಿದೀನಿ ಅಂತ ಬರೆಸಿದ್ದನ್ನ, ಸತ್ತ ಮ್ಯಾಲೆ ಇನ್ನೊಂದ್ಸಲ ಕೇಳಾಕೆ ಹೊಟ್ಟೆ ಉರೀತಿತ್ತು." ಮಗ ಕೈ ಚಾಚಿದ. ಆಕೆ ಅವನಿಗೆ ಕೊಡದೆ ನನ್ನ ಮುಂದೆ ಹಿಡಿದಳು. "ನೀನು ಓದು. ಇದ್ದದ್ದು ಇದ್ದಂಗೆ ಓದು."

ನಾನು ಬಿಡಿಸಿದೆ. ಶಾಯಿ ಅಲ್ಲಲ್ಲಿ ಹರಡಿತ್ತು, ಆದರೆ ಅಕ್ಷರ ಓದುವ ಹಾಗಿತ್ತು. ಮೊದಲು ಮನಸ್ಸಿನಲ್ಲೇ ಓದಿಕೊಂಡೆ. 'ಎಲ್ಲ ಚೆನ್ನಾಗವ್ರಂತೆ ಅಂತಾನೇ ಐತೆ ಅಮ್ಮ' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮೂವರೂ ನಂಬುತ್ತಿದ್ದರೋ ಏನೋ, ಅಂಗಡಿಯಲ್ಲಿ ಎಲ್ಲರೂ ನಂಬುತ್ತಾರೆ.

"ಓದಲೇ ಹನುಮೇಶ," ಎಂದ ಗುಡ್ಡಪ್ಪ ನೆಲ ನೋಡುತ್ತಲೇ. "ಅದ್ರಾಗೆ ಏನಿತ್ತು ಅಂತ ನಂಗೂ ಗೊತ್ತಿಲ್ಲ."

ಜೋರಾಗಿ ಓದಿದೆ. "ಅಕ್ಕನಿಗೆ ತಂಗಿ ರಂಗಕ್ಕ ಬೇಡಿಕೊಳ್ಳುವುದೇನೆಂದರೆ, ನನಗೆ ಮೈಯಲ್ಲಿ ಸ್ವಲ್ಪವೂ ಆರಾಮಿಲ್ಲ. ಡಾಕ್ಟರು ಕೈಬಿಟ್ಟಿದ್ದಾರೆ. ನನಗೆ ನಿನ್ನ ಬಿಟ್ಟು ಯಾರೂ ನೆನಪಿಗೆ ಬರುವುದಿಲ್ಲ. ಈ ಕಾಗದ ಮುಟ್ಟಿದ ಕೂಡಲೇ ಬಾ ಅಕ್ಕ. ದಿನಾ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ಕೂತು ನೋಡುತ್ತಿರುತ್ತೇನೆ."

ಬರಗೇರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ತೆಗೆದು, "ಇನ್ನೊಂದ್ಸಲ ಓದು" ಎಂದಳು.

ನಾನು ಮತ್ತೆ ಮೊದಲಿನಿಂದ ಓದಿದೆ.